ಹದಿನಾಲ್ಕೂ ಅಲ್ಲ, ಹದಿನೈದೂ ಅಲ್ಲ

ತಗೊಳ್ಳಿ, ಇನ್ನೊಂದು ನಟ್ಟು ಉರುಟಾಯಿತು! ಹಳೇ ಜೀಪಿನಡಿ ಗೋಣಿಚೀಲ ಹಾಸಿ ಮಲಗಿದ್ದೇನೆ, ಒಣಗಿದ ಕೆಸರು ಕಣ್ಣಿಗೇ ಉದುರುತ್ತಿದೆ. 14ರ ಸ್ಪ್ಯಾನರ್ ನಟ್ಟಿಗೆ ಕೂರುವುದಿಲ್ಲ. 15 ಹಾಕಿದರೆ ಗರಕ್ ಅಂತ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಕೊಂಡು ಹೋಗುತ್ತದೆ. ಯಾಕಂದ್ರೆ ಅದು 9/16 ಇಂಚು, ಅಂದರೆ 14.29 ಮಿಲಿಮೀಟರ್. ಆ 0.29ಕ್ಕೆ ನಾನೇನು ಅನ್ಯಾಯ ಮಾಡಿದ್ದೆ?

ಜೀಪಿನ ಮೈಯೆಲ್ಲ 1940ರ ದಶಕದ ಅಮೆರಿಕದ ವಿಲ್ಲೀಸ್ ಕಂಪನಿಯ ಜೀಪುಗಳ ಕಾಲದ ಇಂಚಿನ ಲೆಕ್ಕ. ಡೀಸೆಲ್ ಎಂಜಿನ್ ಫ್ರೆಂಚ್ ಮೂಲದ್ದು, ಅದಕ್ಕೆ ಮಿಲಿಮೀಟರೇ ಆಗಬೇಕು. ನಡುವೆ ಹಿಂದಿನ ಮಾಲೀಕರೆಲ್ಲ ಕೈಗೆ ಸಿಕ್ಕ ಬೋಲ್ಟು ತುರುಕಿದ್ದಾರೆ. ಒಂದೇ ಬ್ರಾಕೆಟ್ಟಿಗೆ ಮೂರು ಬಗೆಯ ನಟ್ಟು ಇದ್ದರೆ ಮನುಷ್ಯ ಯಾವ ದೇವರಿಗೆ ಹರಕೆ ಹೊರಬೇಕು?

ಅಂಗಡಿಗೆ ಹೋದರೆ 'ಸ್ಯಾಂಪಲ್ ತಂದಿದೀರಾ?' ಅಂತಾರೆ. ಸ್ಯಾಂಪಲ್ಲು ಬಿಚ್ಚೋಕೇ ಅಲ್ವಾ ಸ್ವಾಮಿ, ಸ್ಪ್ಯಾನರ್ ಕೇಳ್ತಿರೋದು! ಸಾಲದ್ದಕ್ಕೆ ಮಲೆನಾಡಿನ ಮಳೆ, ತುಕ್ಕು. ರಾತ್ರಿಯೆಲ್ಲ ಡೀಸೆಲ್‌ನಲ್ಲಿ ನೆನೆಸಿದರೂ ಜಪ್ಪಯ್ಯ ಅಂದ್ರೂ ಅಲುಗುವುದಿಲ್ಲ. ಇಷ್ಟರಲ್ಲಿ ಪಕ್ಕದ ಮನೆಯವರು ಬಂದು, ಬಗ್ಗಿ ನೋಡಿ, 'ಮುಂದೆ ಒಂದು ವಿಂಚ್, ಅದೇ ಹೂತ ಗಾಡಿ ಎಳೆಯೋ ರಾಟೆ, ಹಾಕಿಸಿಬಿಡಿ ಸಾರ್, ಲುಕ್ ಬರುತ್ತೆ' ಅಂತಾರೆ.