ಹಾದಿ ಮಾಡಿದವರಿಗೆ ಶಾಲು, ಹಾದಿಗೆ ಜೆಸಿಬಿ

ಬೆಟ್ಟದ ಹಾದಿ ನೋಡಿಕೊಳ್ಳೋ ಸ್ವಯಂಸೇವಕರಿಗೆ ಸನ್ಮಾನ ಆಯಿತಲ್ಲ, ಆ ದಿನದ ಫೋಟೊ ನೀವೂ ನೋಡಿರ್ತೀರಿ. ಬೆಟ್ಟದ ಬುಡದಲ್ಲಿ ಒಂದೇ ಒಂದು ಸಲಿಕೆ, ಅದರ ಹಿಡಿಗೆ ಏಳು ಜನರ ಕೈ. ಸಲಿಕೆ ಮೇಲೆ ಅಂಗಡಿಯ ಸ್ಟಿಕ್ಕರ್ ಇನ್ನೂ ಹಾಗೇ ಇದೆ. ಅಂಗಿಗಳ ಇಸ್ತ್ರಿ ಮುರಿದಿಲ್ಲ. ಎಲ್ಲರ ಕಣ್ಣೂ ಕ್ಯಾಮೆರಾ ಕಡೆ. ಕೆಳಗೆ ಏಳೂ ಜನರ ಹೆಸರು, ಹುದ್ದೆ ಸಮೇತ. ವರ್ಷವಿಡೀ ಆ ಹಾದಿ ನೋಡಿಕೊಂಡ ಹುಡುಗರು ಕೊನೇ ಸಾಲಿನಲ್ಲಿದ್ದಾರೆ. 'ಮತ್ತಿತರರು ಉಪಸ್ಥಿತರಿದ್ದರು.'

ಯಾವ ಬೆಟ್ಟ ಅಂತ ಹೇಳಲ್ಲ. ಯಾದಗಿರಿ ಜಿಲ್ಲೆಯಲ್ಲಿ ಬೆಟ್ಟಕ್ಕೇನು ಬರ? ಯಾದಗಿರಿಯಲ್ಲಿ ಊರಿನ ನೆತ್ತಿ ಮೇಲೇ ಕೋಟೆ. ಸುರಪುರದ ಸುತ್ತ ಎತ್ತ ನೋಡಿದರೂ ಬಂಡೆ. ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟದ ಸಾಲು. ನನ್ನ ಕೇಳಿದರೆ ಆ ಬುದ್ಧನೇ ಜಾಣ. ಎದ್ದು ಕೂತಿದ್ದರೆ ಅವನಿಗೂ ಒಂದು ಶಾಲು ಹೊದಿಸಿ ಹಾರ ಹಾಕಿಬಿಡ್ತಿದ್ದರು.

ಶಾಲಿನ ಮಾತು ಬಂತು, ಮುಗಿಸಿಯೇ ಬಿಡೋಣ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಜನ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಓಡಾಡುವ ಹೊತ್ತಲ್ಲಿ, ಬೆಟ್ಟ ಹತ್ತಿ ಬೆವರಿದವನ ಹೆಗಲಿಗೆ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ? ಪರಿಚಯದ ಸ್ವಯಂಸೇವಕರೊಬ್ಬರ ಮನೆಯಲ್ಲಿ ಒಂದು ಶಾಲು ಜೋಳದ ಚೀಲದ ಮೇಲಿದೆ, ಇನ್ನೊಂದು ಸ್ಕೂಟರ್ ಸೀಟಿನ ಮೇಲೆ. ಮೂರನೆಯದನ್ನು ಯಾರದೋ ಸನ್ಮಾನಕ್ಕೆ ಅಂತ ಕೇಳಿ ಇಸ್ಕೊಂಡು ಹೋದರಂತೆ. ಜಿಲ್ಲೆಯಲ್ಲಿ ಇರೋದೇ ಹತ್ತು ಶಾಲು, ಅವೇ ಸುತ್ತು ಹೊಡೀತಿವೆ ಅಂತ ನನಗೆ ಬಲವಾದ ಅನುಮಾನ.

ಇನ್ನು ಆ 'ಮತ್ತಿತರರು' ಏನು ಮಾಡ್ತಾರೆ? ಭಾನುವಾರ ನಸುಕಿನಲ್ಲೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಡ್ತಾರೆ. ಹಾದಿಗೆ ಬಂದ ಬಳ್ಳಾರಿ ಜಾಲಿ ಕಡೀತಾರೆ. ಬರೀ ಕಡಿದರೆ ಸಾಲದು, ಮೋಟಿನಿಂದ ಮತ್ತೆ ಚಿಗುರುತ್ತದೆ. ಬುಡ ಅಗೆದು ತೆಗೀಬೇಕು. ಆದರೆ ಬೆಟ್ಟದ ಹಾದಿಗೆ ದೊಡ್ಡ ಶತ್ರು ಜಾಲಿಯಲ್ಲ, ನೀರು. ಸೆಪ್ಟೆಂಬರಿನಲ್ಲಿ ಒಂದು ಜೋರು ಮಳೆ ಬಂದರೆ ನೀರು ಹಾದಿಯನ್ನೇ ಹಳ್ಳ ಮಾಡಿಕೊಂಡು ಇಳಿಯುತ್ತದೆ, ಮುರುಂ ಎಲ್ಲ ಕೊಚ್ಚಿಹೋಗುತ್ತದೆ. ಜನ ಕೊರಕಲು ಬಿಟ್ಟು ಪಕ್ಕದಲ್ಲಿ ನಡೀತಾರೆ. ಮುಂದಿನ ಮಳೆಗೆ ಅಲ್ಲೂ ಕೊರಕಲು.

ಅದಕ್ಕೇ ಈ ಹುಡುಗರು ಅಲ್ಲಲ್ಲಿ ಹಾದಿಗೆ ಅಡ್ಡ ಕಲ್ಲಿನ ಸಾಲು ಹೂಳಿದ್ದರು. ಅದೂ ಓರೆಯಾಗಿ. ನೆಟ್ಟಗೆ ಅಡ್ಡ ಇಟ್ಟರೆ ಮಣ್ಣು ಅಲ್ಲೇ ಕೂತು ತುಂಬಿಕೊಳ್ಳುತ್ತದೆ. ಓರೆ ಇಟ್ಟರೆ ನೀರು ಪಕ್ಕಕ್ಕೆ ಸರಿದುಹೋಗುತ್ತದೆ. ಮಳೆ ನಿಂತ ಮೇಲೆ ಹೋಗಿ ಕಲ್ಲಿನ ಹಿಂದೆ ನಿಂತ ಎಲೆ, ಮಣ್ಣು ಕೈಯಿಂದ ಬಳಿದು ಹಾಕಬೇಕು. ಇದು ಫೋಟೊದಲ್ಲಿ ಚಂದ ಕಾಣೋ ಕೆಲಸ ಅಲ್ಲ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲೂ ಸ್ವಯಂಸೇವಕರು ಇದೇ ಕೆಲಸ ಮಾಡ್ತಾರೆ, ಬೆಟ್ಟದ ಹಾದಿಯ ಕಾಲುವೆಯ ಹೂಳು ತೆಗೀತಾರೆ. ಆದರೆ ಅಲ್ಲಿ ಕಲ್ಲು ಹಾಸುವಂಥ ಭಾರದ ಕೆಲಸಕ್ಕೆ ಸಂಬಳದ ರೇಂಜರುಗಳಿದ್ದಾರೆ. ಕಲ್ಲು ಹೆಲಿಕಾಪ್ಟರಿನಲ್ಲಿ ಬೆಟ್ಟ ಹತ್ತುತ್ತದೆ. ನಮ್ಮಲ್ಲಿ ಹೆಲಿಕಾಪ್ಟರಿನಲ್ಲಿ ಯಾರು ಬರ್ತಾರೆ ಅನ್ನೋದು ನಿಮಗೆ ಗೊತ್ತಲ್ಲ.

ಸದ್ಯ, ಈ ಸಲ ಅತಿಥಿಗಳು ಕಾರಿನಲ್ಲೇ ಬಂದರು. ಅಲ್ಲೇ ಎಡವಟ್ಟಾಗಿದ್ದು. ಸನ್ಮಾನ ಅರ್ಧ ಬೆಟ್ಟದ ಮೇಲೆ. ಕಾರು ಹತ್ತಬೇಕು. ಹಿಂದಿನ ದಿನವೇ ಜೆಸಿಬಿ ಬಂತು.

"ಸಾಹೇಬ್ರ, ಆ ಕಲ್ಲು ಕೀಳಬ್ಯಾಡ್ರಿ. ನೀರು ಹೊರಗ ಹೋಗ್ಲಿ ಅಂತ ಇಟ್ಟದ್ದರಿ," ಅಂತ ಅವರಲ್ಲೇ ಹಿರಿಯರೊಬ್ಬರು ಹೇಳಿದರಂತೆ.

"ಗಾಡಿ ಜಂಪ್ ಆಗ್ತದ, ತೆಗೀರಿ," ಅಂದರಂತೆ ಸಾಹೇಬರು.

ತೆಗೆದರು. ಓರೆ ಕಲ್ಲು, ಕಾಲುವೆ ಎಲ್ಲ ಸಪಾಟು. ಮರುದಿನ ಅದೇ ಸಪಾಟಿನ ಮೇಲೆ ಕಾರು ಬಂದು ನಿಂತು, ಹಾದಿ ಉಳಿಸುವುದು ಹೇಗೆ ಅಂತ ಉದ್ದನೆಯ ಭಾಷಣ ಆಯಿತು. ಹಾದಿ ಉಳಿಸಿದ್ದಕ್ಕೆ ಶಾಲು ಬಂತು. ಎಂಥ ದಕ್ಷತೆ ನೋಡಿ! ಜೊತೆಗೆ ಎರಡನೇ ಹಂತದ ಘೋಷಣೆ: ಸೆಲ್ಫಿ ಪಾಯಿಂಟ್, ಮತ್ತು ಕೆಂಪು-ಹಳದಿ ಇಂಟರ್‌ಲಾಕ್ ಟೈಲ್ಸ್. ಊರೂರಿಗೆ ಶಹಾಬಾದ್ ಪರಸಿ ಕಲ್ಲು ಕಳಿಸುವ ಸೀಮೆಯಲ್ಲಿ, ಬಂಡೆ ಮೇಲೆ ಟೈಲ್ಸ್.

ಸಾಕಾಗಿದೆ, ನಿಜವಾಗಿ. ಸೆಲ್ಫಿ ಪಾಯಿಂಟಿಗೆ ಟೆಂಡರ್ ಆಗುತ್ತದೆ, ಹಾದಿ ನೋಡಿಕೊಳ್ಳಲು ಒಬ್ಬ ಆಳಿನ ಕೂಲಿಗೆ ದುಡ್ಡಿಲ್ಲ. ಪುಕ್ಕಟೆ ದುಡಿಯುವವರು ಸಿಕ್ಕರು ಅಂತ ಇಡೀ ಬೆಟ್ಟವನ್ನೇ ಅವರ ತಲೆಗೆ ಕಟ್ಟಿದಿರಿ. ಅವರೇನು ಸಂಬಳ ಕೇಳಲಿಲ್ಲ. ಶಾಲೂ ಕೇಳಲಿಲ್ಲ. ಮಾಡಿದ್ದನ್ನು ಕೆಡಿಸಬೇಡಿ ಅಂದರು. ಅಷ್ಟೂ ನಿಮ್ಮ ಕೈಲಾಗಲಿಲ್ಲ.

ಅಂದಹಾಗೆ, ಒಂದೆರಡು ಹಾರೆ, ಮುಳ್ಳು ಚುಚ್ಚದಂಥ ಕೈಗವಸು ಕೊಡಿ ಅಂತ ಇವರು ಅರ್ಜಿ ಹಾಕಿದ್ದರಂತೆ. ಅರ್ಜಿಗೆ ಉತ್ತರ ಬಂದಿದೆ. ಲ್ಯಾಮಿನೇಷನ್ ಮಾಡಿಸಿದ ಅಭಿನಂದನಾ ಪತ್ರ. ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ, ಯಾರ್‍ಯಾರಿಗೆ ಬೇಕೋ ಅವರವರೇ ಬರ್ಕೊಬೇಕಂತೆ.