ಅಮ್ಮ ಕಿವಿಯ ಮಿಷನ್ ತೆಗೆದಿಟ್ಟಳು

ನಿನ್ನೆ ರಾತ್ರಿಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದೇ ಬಿಡುತ್ತೇನೆ.

ಅಮ್ಮನನ್ನು ಕರೆದುಕೊಂಡು ಸಿನಿಮಾಕ್ಕೆ ಹೋಗಿದ್ದೆ. ಈ ವಾರ ಬಂದ ಹಾರರ್ ಸಿನಿಮಾ. ಹೆಸರು ಬೇಡ. ನನ್ನ ತಕರಾರು ಆ ಒಂದರ ಮೇಲಲ್ಲ. ಅಮ್ಮನಿಗೆ ದೆವ್ವದ ಕತೆ ಅಂದ್ರೆ ಎಷ್ಟು ಇಷ್ಟ ಅಂತ ನಿಮಗೆಲ್ಲ ಗೊತ್ತು. ನಾನು ಇಲ್ಲಿ ಬರೆಯುವ ಊರಿನ ಕತೆಗಳಲ್ಲಿ ಅರ್ಧ ಅವಳು ಹೇಳಿದ್ದೇ. ಎರಡು ವರ್ಷದಿಂದ ಅವಳ ಬಲಗಿವಿಗೆ ಮಿಷನ್ ಇದೆ. ಅದು ಬಂದ ಮೇಲೆ ಥಿಯೇಟರಿಗೆ ಹೋದದ್ದು ಇದೇ ಮೊದಲು. ಖುಷಿಯಿಂದ ಒಳ್ಳೆ ಸೀರೆ ಉಟ್ಟುಕೊಂಡು ಬಂದಿದ್ದಳು.

ಹತ್ತು ನಿಮಿಷ ಆಗಿತ್ತೋ ಏನೋ. ಹುಡುಗಿ ಫ್ರಿಜ್ಜಿನ ಬಾಗಿಲು ಮುಚ್ಚುತ್ತಾಳೆ, ಹಿಂದೆ ಯಾರೋ ನಿಂತಿದ್ದಾರೆ, ಢಮ್! ನಿಂತಿದ್ದವನು ಅವಳ ಗಂಡ. ಆಫೀಸಿಂದ ಬಂದಿದ್ದಾನೆ, ಅಷ್ಟೇ. ಪಕ್ಕದಲ್ಲಿ ಅಮ್ಮ ಕಿವಿಗೆ ಕೈ ಒತ್ತಿ ಹಿಡಿದುಕೊಂಡಿದ್ದಳು. ಹೆದರಿ ಅಲ್ಲ, ನೋವಾಗಿ.

ಇಂಟರ್ವಲ್ ಹೊತ್ತಿಗೆ 14 ಸಲ ಹೀಗಾಯಿತು. ಬೆರಳು ಮಡಚಿ ಎಣಿಸಿದ್ದೇನೆ. ಅದರಲ್ಲಿ ನಿಜವಾಗಿ ಏನಾದರೂ ಬಂದದ್ದು 3 ಸಲ. ಉಳಿದದ್ದೆಲ್ಲ ಬೆಕ್ಕು, ಗಂಡ, ಗಾಳಿಗೆ ಬಡಿದ ಕಿಟಕಿ. ಐದನೆಯದೋ ಆರನೆಯದೋ ಆದ ಮೇಲೆ ಅಮ್ಮ ಮಿಷನ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಪರ್ಸಿನ ಒಳಗಿನ ಜಿಪ್ಪಿಗೆ ಹಾಕಿಟ್ಟಳು. ಮನೆಗೆ ಹೋಗೋಣ ಅಂದೆ. ಬೇಡ ಅಂತ ಕೈ ಸನ್ನೆ ಮಾಡಿದಳು. ಉಳಿದ ಸಿನಿಮಾ ಹೆಚ್ಚುಕಮ್ಮಿ ಮೂಕಿ ಚಿತ್ರದ ಹಾಗೆ ನೋಡಿದಳು.

ಹೊರಗೆ ಬಂದು ಆಟೋಗೆ ಕಾಯುವಾಗ ಕೇಳಿದೆ, ಹೇಗಿತ್ತು ಅಂತ.

"ಹೆದರಿಕೆ ಎಂತದೂ ಆಗ್ಲಿಲ್ಲ ಮಗಾ. ಮುಖಕ್ಕೆ ಬಣ್ಣ ಹಚ್ಚಿಕೊಂಡವರು ಅತ್ಲಾಗಿ ಇತ್ಲಾಗಿ ಓಡ್ತಾ ಇದ್ರು. ಅಷ್ಟು ಬೊಬ್ಬೆ ಎಂತಕ್ಕೆ ಅವರಿಗೆ?"

ನನ್ನ ಸಿಟ್ಟೂ ಇದೇ. ಆ ಬೊಬ್ಬೆ ತೆಗೆದರೆ ಆ ಸಿನಿಮಾದಲ್ಲಿ ಏನೂ ಉಳಿಯುವುದಿಲ್ಲ. ಬೆಚ್ಚಿಬೀಳೋದು ಬೇರೆ, ಹೆದರೋದು ಬೇರೆ. ತಲೆ ಹತ್ತಿರ ಸ್ಟೀಲ್ ತಟ್ಟೆ ಬಿದ್ದರೆ ತೊಟ್ಟಿಲ ಕೂಸೂ ಬೆಚ್ಚುತ್ತದೆ. ಅದಕ್ಕೆ ಕತೆ ಬೇಡ, ನಟರು ಬೇಡ, ಟಿಕೆಟ್ಟಿಗೆ ಮುನ್ನೂರು ರೂಪಾಯಿ ಕೊಡುವುದೂ ಬೇಡ. ಹೆದರಿಕೆ ಹಾಗಲ್ಲ. ಅದು ಮನೆಗೆ ಬಂದು ದೀಪ ಆರಿಸಿದ ಮೇಲೆ ಶುರುವಾಗುತ್ತದೆ.

ಪುತ್ತೂರಿನ ಕಡೆ ನಮ್ಮ ಮನೆ ಹೇಗಿತ್ತು ಅಂತ ನೋಡಿದವರಿಗೆ ಗೊತ್ತು. ಮೂರು ಕಡೆ ಅಡಿಕೆ ತೋಟ, ಒಂದು ಕಡೆ ಗುಡ್ಡ. ರಾತ್ರಿ ತೋಟದಲ್ಲಿ ಸೋಗೆ ಬೀಳುತ್ತಿತ್ತು. ಮೊದಲು ಮರದಿಂದ ಹಾಳೆ ಬಿಟ್ಟುಕೊಳ್ಳುವ ಸಣ್ಣ ಸದ್ದು. ಆಮೇಲೆ ಸರ್‍ರ್ ಅಂತ ಜಾರುವುದು. ಆಮೇಲೆ ದಪ್ಪ್. ಇಷ್ಟಕ್ಕೆ ನಾನು ಯಾವತ್ತೂ ಹೆದರಿದವಳಲ್ಲ. ಹೆದರುತ್ತಿದ್ದದ್ದು ಅದರ ನಂತರದ ಒಂದು ಗಳಿಗೆಗೆ. ಸೋಗೆ ಬಿದ್ದ ಕೂಡಲೇ ಜೀರುಂಡೆಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಬಿದ್ದದ್ದು ಸೋಗೆಯೇ ಹೌದಾ? ಹೊದಿಕೆ ಮೂಗಿನವರೆಗೆ ಎಳೆದುಕೊಂಡು ಕಾಯುತ್ತಿದ್ದೆ. ಎಲ್ಲೋ ಒಂದು ಜೀರುಂಡೆ ಮತ್ತೆ ಕೂಗಿದರೆ ಉಸಿರು ಬಿಡುತ್ತಿದ್ದೆ.

ಆ ಗಳಿಗೆಯನ್ನು ನಮ್ಮ ಸಿನಿಮಾದವರು ಕಳೆದುಕೊಂಡಿದ್ದಾರೆ. ಅವರಿಗೆ ಮೌನ ಅಂದ್ರೆ ಮುಂದಿನ ಢಮ್‌ಗೆ ಮಾಡಿಕೊಳ್ಳುವ ತಯಾರಿ. ಮ್ಯೂಸಿಕ್ ನಿಂತಿತು ಅಂದ ತಕ್ಷಣ ಇಡೀ ಥಿಯೇಟರಿಗೆ ಗೊತ್ತಾಗುತ್ತದೆ, ಈಗ ಬರುತ್ತದೆ ಅಂತ. ನನ್ನ ಮುಂದಿನ ಸಾಲಿನ ಪುಟ್ಟ ಹುಡುಗಿ ಪರದೆ ನೋಡುವ ಬದಲು ಮೊದಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಈ ತಂತ್ರ ಹೊಸದೇನಲ್ಲ. 1942ರ ‘ಕ್ಯಾಟ್ ಪೀಪಲ್’ ಅನ್ನುವ ಸಿನಿಮಾದಲ್ಲಿ ಇದಕ್ಕೊಂದು ಹೆಸರಾಂತ ಉದಾಹರಣೆ ಇದೆ. ರಾತ್ರಿ ಒಬ್ಬಳು ರಸ್ತೆಯಲ್ಲಿ ನಡೆಯುತ್ತಿದ್ದಾಳೆ, ಹಿಂದೆ ಇನ್ನೊಬ್ಬಳು. ಮ್ಯೂಸಿಕ್ ಇಲ್ಲ. ಎರಡು ಜೊತೆ ಚಪ್ಪಲಿಯ ಟಕ್ ಟಕ್ ಮಾತ್ರ. ಒಂದು ಹೊತ್ತಿನಲ್ಲಿ ಹಿಂದಿನ ಟಕ್ ಟಕ್ ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಅವಳ ನಡಿಗೆ ಓಟವಾಗುತ್ತದೆ. ಆಮೇಲೆ ಬುಸ್ಸ್ ಅಂತ ಒಂದು ಸದ್ದು. ಬಂದು ನಿಂತದ್ದು ಬಸ್ಸು. ಇವತ್ತಿಗೂ ಇಂಥ ಹುಸಿ ಬೆಚ್ಚಿಸುವಿಕೆಗೆ ಆ ನಿರ್ಮಾಪಕ ವಾಲ್ ಲ್ಯೂಟನ್ ಹೆಸರು ಸೇರಿಸಿ ‘ಲ್ಯೂಟನ್ ಬಸ್’ ಅಂತಾರೆ. ನಮ್ಮವರು ಆ ದೃಶ್ಯದಿಂದ ಬಸ್ಸನ್ನು ಮಾತ್ರ ತಂದರು. ನಿಂತುಹೋದ ಹೆಜ್ಜೆಯನ್ನು ಅಲ್ಲೇ ಬಿಟ್ಟುಬಂದರು.

1960ರ ‘ಸೈಕೋ’ ಹೆಸರು ಹೇಳಿ ವಾದ ಮಾಡುವವರಿದ್ದಾರೆ. ಅಲ್ಲೂ ಪಿಟೀಲು ಕಿರುಚುತ್ತದಲ್ಲ ಅಂತ. ಹೌದು, ಕಿರುಚುತ್ತದೆ. ಸ್ನಾನದ ಮನೆಯಲ್ಲಿ ಒಬ್ಬಳನ್ನು ಚೂರಿಯಿಂದ ಇರಿಯುವ ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದ. ಸಂಗೀತಗಾರ ಬರ್ನಾರ್ಡ್ ಹರ್ಮನ್ ಆದರೂ ಬರೆದ. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿದ. ಇಡೀ ಸಿನಿಮಾಕ್ಕೆ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಆದರೆ ಷವರಿನ ಪರದೆ ಸರಿಯುವ ತನಕ ಅಲ್ಲಿ ಏನು ಕೇಳುತ್ತದೆ ಅಂತ ಇನ್ನೊಮ್ಮೆ ಕೇಳಿ ನೋಡಿ. ಸೋಪಿನ ಕಾಗದ ಬಿಚ್ಚುವ ಸದ್ದು. ಷವರಿನ ನೀರು. ನಾವು ದಿನಾ ಬೆಳಿಗ್ಗೆ ಕೇಳುವ ಸದ್ದು. ಆ ನೀರು ಅಷ್ಟು ಹೊತ್ತು ಹಾಗೇ ಸುರಿದದ್ದಕ್ಕೇ ಪಿಟೀಲು ಚೂರಿಯಾದದ್ದು.

ನನಗೆ ಇನ್ನೂ ಜಾಸ್ತಿ ಗೌರವ ಇರುವುದು 1975ರ ‘ಜಾಸ್’ ಮೇಲೆ. ಶಾರ್ಕ್ ಬರುವಾಗ ಕೇಳುವ, ಜಾನ್ ವಿಲಿಯಮ್ಸ್ ಅವರ ಆ ಎರಡು ಸ್ವರ ಯಾರಿಗೆ ಗೊತ್ತಿಲ್ಲ? ಅದರಲ್ಲೊಂದು ನಿಯತ್ತಿದೆ. ಇಬ್ಬರು ಹುಡುಗರು ಶಾರ್ಕಿನ ಸುಳ್ಳು ರೆಕ್ಕೆ ಕಟ್ಟಿಕೊಂಡು ಈಜಿ ಜನರನ್ನು ಓಡಿಸುತ್ತಾರಲ್ಲ, ಆಗ ಆ ಸ್ವರ ಬರುವುದೇ ಇಲ್ಲ. ಹೀಗಾಗಿ ನಾವು ಆ ಸ್ವರವನ್ನು ನಂಬುತ್ತೇವೆ. ಒಮ್ಮೆ ನಂಬಿದ ಮೇಲೆ, ಯಾವ ಸೂಚನೆಯೂ ಇಲ್ಲದೆ ಶಾರ್ಕ್ ದೋಣಿಯ ಪಕ್ಕದಲ್ಲೇ ಬಾಯಿ ತೆರೆದು ಏಳುತ್ತದೆ. ನಂಬಿಕೆ ಕಟ್ಟಿದವನಿಗೆ ಮಾತ್ರ ಅದನ್ನು ಒಡೆಯಲು ಆಗೋದು. ಹದಿನಾಲ್ಕರಲ್ಲಿ ಹನ್ನೊಂದು ಸಲ ಸುಳ್ಳು ಹೇಳಿದವನನ್ನು ನಾನು ಯಾಕೆ ನಂಬಲಿ?

ಈ ನಿಯತ್ತು ನಮ್ಮ ಬಯಲಾಟದಲ್ಲೂ ಇತ್ತು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದ್ರೆ ರಾಕ್ಷಸ, ಬರುವ ರೀತಿ ನೆನಪು ಮಾಡಿಕೊಳ್ಳಿ. ಚೆಂಡೆ ಏರುತ್ತಾ ಹೋಗುತ್ತದೆ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ. ಕಿರೀಟದ ತುದಿ ಮಾತ್ರ ಕಾಣುತ್ತದೆ, ಮುಖ ಇಲ್ಲ. ಮಹಿಷಾಸುರನಾದರೆ ದೊಂದಿ ಹಿಡಿದು ಪ್ರೇಕ್ಷಕರ ನಡುವಿನಿಂದಲೇ ಬರುತ್ತಾನೆ, ರಾಳ ಎರಚಿದರೆ ಬೆಂಕಿ ಭಗ್ಗೆನ್ನುತ್ತದೆ. ನಿದ್ದೆಗಣ್ಣಿನ ನಾನು ಅಜ್ಜಿಯ ಸೆರಗು ಹಿಡಿದು ನಡುಗುತ್ತಿದ್ದೆ. ಸದ್ದು ಸಣ್ಣದಾಗಿರಬೇಕು ಅಂತ ನಾನು ಹೇಳುತ್ತಿಲ್ಲ. ಚೆಂಡೆಗಿಂತ ದೊಡ್ಡ ಸದ್ದು ಯಾವುದಿದೆ? ಆದರೆ ರಾಕ್ಷಸ ಬರುತ್ತಾನೆ ಅಂತ ಚೆಂಡೆ ಹೇಳಿದರೆ ರಾಕ್ಷಸನೇ ಬರುತ್ತಿದ್ದ.

ಕಣ್ಣಿನ ವಿಷಯಕ್ಕೂ ಒಂದು ಮಾತು. ರಾತ್ರಿ ಅಂದ್ರೆ ನೀಲಿ ಬಣ್ಣ, ಬಾತ್‌ರೂಮಿನ ಕನ್ನಡಿ ಮುಚ್ಚಿದರೆ ಹಿಂದೆ ಒಂದು ಮುಖ, ಕ್ಯಾಮೆರಾ ಓರೆ ಆದರೆ ಮನೆಯಲ್ಲಿ ಏನೋ ಇದೆ. ಇವನ್ನೆಲ್ಲ ಸಹಿಸಬಲ್ಲೆ, ಬೇಡ ಅಂದ್ರೆ ಕಣ್ಣು ಮುಚ್ಚಬಹುದು. ಕಿವಿಗೆ ರೆಪ್ಪೆ ಇಲ್ಲ. ಅಮ್ಮನ ಬಳಿ ತೆಗೆದಿಡುವ ಮಿಷನ್ ಇತ್ತು. ಉಳಿದವರು ಏನು ಮಾಡಬೇಕು?

ಇಷ್ಟು ಹೇಳಿದರೆ ತಮ್ಮ ಒಪ್ಪುವುದಿಲ್ಲ. "ಅಕ್ಕಾ, ಎಲ್ಲರೂ ಒಟ್ಟಿಗೆ ಕಿರುಚಿ ಆಮೇಲೆ ನಗೋದೇ ಮಜಾ. ಸದ್ದು ಇಲ್ಲದಿದ್ರೆ ಜನ ಮೊಬೈಲ್ ತೆಗೀತಾರೆ" ಅಂದ. ಒಟ್ಟಿಗೆ ಕಿರುಚುವ ಮಜಾ ನನಗೂ ಗೊತ್ತು. ಆದರೆ ಜನಕ್ಕೆ ಅಷ್ಟೇ ಸಾಕು ಅನ್ನೋದನ್ನು ನಾನು ಒಪ್ಪಲಾರೆ. ಸುನಿಲ್ ಕುಮಾರ್ ದೇಸಾಯಿ 1989ರಲ್ಲೇ ‘ತರ್ಕ’ ಮಾಡಿದರು. ಶಂಕರ್ ನಾಗ್ ಇದ್ದ ಸಿನಿಮಾ, ಆದರೆ ಒಂದೂ ಹಾಡಿಲ್ಲ. ಹಾಡಿಲ್ಲದೆ ಕನ್ನಡ ಸಿನಿಮಾ ನಡೆಯಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ನಮ್ಮ ಜನ ಕೂತು ನೋಡಿದರು. ಮೊಬೈಲ್ ತೆಗೆಯುವುದು ಸದ್ದು ಇಲ್ಲ ಅಂತಲ್ಲ, ಕಾಯಿಸುವಂಥದ್ದು ಏನೂ ಇಲ್ಲ ಅಂತ.

ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಅಪ್ಪ ಹೋದ ರಾತ್ರಿ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ. ಪಕ್ಕದ ಕೋಣೆಯಲ್ಲಿ ಅವರ ಗೊರಕೆ ನಿಂತದ್ದು. ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದ್ದೆ. ಮತ್ತೆ ಶುರುವಾಗಬಹುದು ಅಂತ ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಎದ್ದು ಹೋಗಲು ಧೈರ್ಯ ಬರಲಿಲ್ಲ. ಭಯ ಅಂದ್ರೆ ನನಗೆ ಅವತ್ತಿನಿಂದ ಅದು.

ಅಜ್ಜಿ ಹೇಳುತ್ತಿದ್ದದ್ದೂ ಇದನ್ನೇ ಇರಬೇಕು. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಸಲಕ್ಕೆ ಓಗೊಡಬೇಡ, ಮೂರು ಸಲ ಕರೆಯಲಿ ಅಂತ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದದ್ದೂ ಇಂಥದೇ ಹೆದರಿಕೆಗೆ. ಆ ದೆವ್ವ ಅರಚುತ್ತಿರಲಿಲ್ಲ. ಮನೆಯವರದ್ದೇ ದನಿಯಲ್ಲಿ ಮೆಲ್ಲಗೆ ಕರೆಯುತ್ತಿತ್ತು.

ನಿನ್ನೆ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅಮ್ಮನಿಗೂ ಬಂದಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಫ್ರಿಟ್ಜ್ ಲಾಂಗ್ ಮಾಡಿದ 1931ರ ಜರ್ಮನ್ ಸಿನಿಮಾ ‘ಎಂ’ ಹಾಕಿದೆ. ಅಮ್ಮ ಮಿಷನ್ ಮತ್ತೆ ಕಿವಿಗೆ ಹಾಕಿಕೊಂಡಳು. ಭಾಷೆ ಅವಳಿಗೆ ಒಂದಕ್ಷರ ಗೊತ್ತಿಲ್ಲ. ಶಾಲೆಯಿಂದ ಮಗಳು ಬರುವ ಹೊತ್ತಾಗಿದೆ, ತಾಯಿ ಊಟಕ್ಕೆ ತಟ್ಟೆ ಇಟ್ಟಿದ್ದಾಳೆ. ಮಗಳು ಬಂದಿಲ್ಲ. ತಾಯಿ ಕರೆಯುತ್ತಾಳೆ. "ಎಲ್ಸೀ!" ಖಾಲಿ ಮೆಟ್ಟಿಲು ಕಾಣುತ್ತದೆ. ಇನ್ನೊಮ್ಮೆ ಕರೆಯುತ್ತಾಳೆ. ಬಟ್ಟೆ ಒಣಹಾಕಿದ ಅಟ್ಟ, ಯಾರೂ ಇಲ್ಲ. ಮತ್ತೆ ಕರೆಯುತ್ತಾಳೆ. ಮೇಜಿನ ಮೇಲೆ ಖಾಲಿ ತಟ್ಟೆ. ಪೊದೆಯಿಂದ ಒಂದು ಚೆಂಡು ಉರುಳಿಕೊಂಡು ಬಂದು ನಿಲ್ಲುತ್ತದೆ. ಮ್ಯೂಸಿಕ್ ಇಲ್ಲ.

ಅಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಉಗುರು ತಾಗುವಷ್ಟು ಗಟ್ಟಿಯಾಗಿ.

"ಸಾಕು ಮಗಾ, ನಿಲ್ಸು," ಅಂದಳು. "ಆ ಮಗು ಇನ್ನು ಬರೂದಿಲ್ಲ."