ಸೋದರಮಾವ ಮರಸೇಬು ತಿಂದದ್ದೇ ತಪ್ಪಾಯಿತಾ?

ಇವತ್ತು ಜಯನಗರದಿಂದ ಮೆಟ್ರೋದಲ್ಲಿ ಬರುವಾಗ ಪಕ್ಕದಲ್ಲಿದ್ದ ಇಬ್ಬರು ಹುಡುಗರು ಲಿಜ್ಜಿ ಬೋರ್ಡನ್ ಕೇಸನ್ನು ಮೆಜೆಸ್ಟಿಕ್ ಬರುವಷ್ಟರಲ್ಲಿ ಮುಗಿಸಿಬಿಟ್ಟರು. 'ಆ ಮಾವನೇ ಗುರೂ, ಡೌಟೇ ಇಲ್ಲ!' ಹಳೇ ಕೊಲೆ ಕೇಸು ಅಂದರೆ ನಾನು ಊಟ ಬಿಡುವವನು ಅಂತ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಸುಮ್ಮನಿದ್ದ ಸಿಟ್ಟನ್ನೆಲ್ಲ ಇಲ್ಲಿ ತೀರಿಸಿಕೊಳ್ಳುತ್ತಿದ್ದೇನೆ.

1892ರ ಆಗಸ್ಟ್ 4, ಅಮೆರಿಕದ ಫಾಲ್ ರಿವರ್. ಆಂಡ್ರ್ಯೂ ಬೋರ್ಡನ್ ಮತ್ತು ಅವರ ಎರಡನೇ ಹೆಂಡತಿ ಆ್ಯಬಿ ಮನೆಯೊಳಗೇ ಕೊಡಲಿ ಏಟಿಗೆ ಸತ್ತರು. ಆರೋಪ ಬಿದ್ದದ್ದು ಆಂಡ್ರ್ಯೂ ಮಗಳು ಲಿಜ್ಜಿ ಮೇಲೆ. ಮೊದಲ ಹೆಂಡತಿಯ ತಮ್ಮ ಜಾನ್ ಮೋರ್ಸ್, ಅಂದರೆ ಲಿಜ್ಜಿಯ ಸೋದರಮಾವ, ಹಿಂದಿನ ದಿನವಷ್ಟೇ ಬಂದು ಉಳಿದಿದ್ದರು. ಬೆಳಿಗ್ಗೆ ತಿಂಡಿ ಮುಗಿಸಿ ಬೇರೆ ನೆಂಟರನ್ನು ನೋಡಲು ಹೋದರು. ಮಧ್ಯಾಹ್ನದ ಹೊತ್ತಿಗೆ ಬಂದವರು ಒಳಗೆ ಹೋಗದೆ ಹಿತ್ತಲಲ್ಲಿ ಮರಸೇಬು ತಿಂದರು. ಒಳಗೆ ಎರಡು ಹೆಣ. ಅಷ್ಟೇ ಸಾಕು ನಮ್ಮ ಜನಕ್ಕೆ!

ಇನ್ನೊಂದು ದೂರು, ಅವರು ಹತ್ತಿದ ಟ್ರಾಮಿನ ಕಂಡಕ್ಟರ್ ಟೋಪಿಯ ನಂಬರ್ ಕೂಡ ನೆನಪಿಟ್ಟುಕೊಂಡಿದ್ದರಂತೆ. ನೆನಪಿದ್ದರೆ ಪ್ಲಾನ್ ಮಾಡಿದ್ದ ಅಂತೀರಿ. ಮರೆತಿದ್ದರೆ ಮುಚ್ಚಿಡುತ್ತಿದ್ದಾನೆ ಅಂತೀರಿ. ಪಾಪ, ಏನು ಮಾಡಬೇಕಿತ್ತು ಅವರು?

ಬಟ್ಟೆಬರೆ ತರದೆ ಬಂದಿದ್ದರು, ಆ್ಯಬಿ ಸತ್ತ ರೂಮಿನಲ್ಲೇ ಹಿಂದಿನ ರಾತ್ರಿ ಮಲಗಿದ್ದರು, ನಿಜ. ಅದು ನೆಂಟರಿಗೆ ಕೊಡುವ ರೂಮು ಸ್ವಾಮಿ! ಬರಿಗೈಲಿ ಬಂದು ಮೂರು ದಿನ ಉಳಿಯುವ ಮಾವಂದಿರು ನಮ್ಮ ಮನೆಯಲ್ಲೂ ಇದ್ದಾರೆ. ಅಲ್ಲದೆ ಮೋರ್ಸ್ ಹೊರಟ ಮೇಲೂ ಆ್ಯಬಿ ಬದುಕಿದ್ದರು. ಕಿಟಕಿ ತೊಳಿ ಅಂತ ಕೆಲಸದ ಬ್ರಿಜೆಟ್‌ಗೆ ಹೇಳಿದ್ದರು. ಮೋರ್ಸ್ ತಮ್ಮ ಮನೆಗೆ ಬಂದಿದ್ದರು ಅಂತ ನೆಂಟರೂ ಹೇಳಿದರು. ಆದರೂ ಮೋರ್ಸ್ ಮರುದಿನ ಸಂಜೆ ಪೋಸ್ಟ್ ಆಫೀಸಿಗೆ ಹೋದಾಗ ಜನ ಮುತ್ತಿಕೊಂಡರು.

ಸಾವಿನ ಮನೆಯಲ್ಲಿ ಯಾರು ಅತ್ತರು, ಯಾರು ತಿಂದರು ಅಂತ ಲೆಕ್ಕ ಇಡುವ ಚಟ ಇದು. ನಮ್ಮಪ್ಪ ತೀರಿಕೊಂಡ ಬೆಳಿಗ್ಗೆ ನಾನು ಆಸ್ಪತ್ರೆ ಎದುರಿನ ದರ್ಶಿನಿಯಲ್ಲಿ ನಿಂತು ಇಡ್ಲಿ ವಡೆ ತಿಂದೆ. ಚಟ್ನಿ ಎರಡನೇ ಸಲ ಹಾಕಿಸಿಕೊಂಡೆ. ಹಸಿವಾಗಿತ್ತು, ಅಷ್ಟೇ.

ಅನುಮಾನ ಪಡಲೇಬೇಕಾ? ಕೊಲೆಯಾಗಿ ಮೂರು ದಿನದ ಮೇಲೆ ಲಿಜ್ಜಿ ತನ್ನ ಒಂದು ಉಡುಪನ್ನು ಅಡುಗೆಮನೆ ಒಲೆಗೆ ಹಾಕಿ ಸುಟ್ಟಳು. ಪೇಂಟ್ ಕಲೆಯಾಗಿತ್ತಂತೆ. ಹಿಡಿದು ಜಗ್ಗುವುದಾದರೆ ಅದನ್ನು ಜಗ್ಗಿ. 1893ರ ಜೂನ್ 20ರಂದು ಜ್ಯೂರಿ ಅವಳನ್ನೂ ಬಿಟ್ಟಿತು. ಆಮೇಲೆ ಬೇರೆ ಯಾರ ಮೇಲೂ ಕೇಸ್ ನಡೆಯಲಿಲ್ಲ.